ವೋಚರ್ ಮೊತ್ತಕ್ಕೆ ಬೆನ್‌ಫರ್ಡ್ ಪರೀಕ್ಷೆ: ಕೈ-ಸ್ಕ್ವೇರ್ ಸಾಕಾ?

ಪ್ರಶ್ನೆ: ಆಡಿಟ್‌ನಲ್ಲಿ ಸುಮಾರು 40,000 ವೋಚರ್ ಇವೆ. ಬೆನ್‌ಫರ್ಡ್ ನಿಯಮದ ಪ್ರಕಾರ (ಸಹಜ ಮೊತ್ತಗಳಲ್ಲಿ ಮೊದಲ ಅಂಕಿಯಾಗಿ 1 ಹೆಚ್ಚು, 9 ಕಡಿಮೆ) ಮೊದಲ ಅಂಕಿ 9 ಇರೋದು ಶೇ 4.6 ಬರಬೇಕು ಅಲ್ವಾ, ಇಲ್ಲಿ ಶೇ 6 ಇದೆ. ಕೈ-ಸ್ಕ್ವೇರ್ (ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರದ ಒಟ್ಟು ಅಳತೆ) 15.51ರ ಗಡಿ ದಾಟಿ ಎಲ್ಲೋ ಹೋಗಿದೆ. ವಂಚನೆ ಅಂತ ಬರೆಯಬಹುದಾ?

ಉತ್ತರ 1: ಖಂಡಿತ ಬೇಡ. ಇಷ್ಟೊಂದು ಸಾಲುಗಳಿದ್ದರೆ ಸಣ್ಣ ವ್ಯತ್ಯಾಸಕ್ಕೂ ಕೈ-ಸ್ಕ್ವೇರ್ ದೊಡ್ಡದಾಗುತ್ತದೆ. ಒಂಬತ್ತೂ ಅಂಕಿಗಳಲ್ಲಿ ನಿರೀಕ್ಷಿತ ಪಾಲಿಗೂ ಸಿಕ್ಕಿದ ಪಾಲಿಗೂ ಇರುವ ವ್ಯತ್ಯಾಸದ (ಪ್ಲಸ್-ಮೈನಸ್ ಬಿಟ್ಟು) ಸರಾಸರಿ ತೆಗೆಯಿರಿ. ಬೆನ್‌ಫರ್ಡ್ ಪರೀಕ್ಷೆಯನ್ನು ಆಡಿಟ್‌ಗೆ ತಂದ ತಜ್ಞ ನಿಗ್ರಿನಿ ಅವರ ಮಿತಿ 0.015; ಅದನ್ನು ಮೀರಿದರೆ ನಿಯಮಕ್ಕೆ ಹೊಂದುವುದಿಲ್ಲ ಅಂತ.

ಉತ್ತರ 2: ಸರಾಸರಿ ಇರಲಿ, 9 ಯಾಕೆ ಜಾಸ್ತಿ ಅಂತ ನೋಡಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪಲ್ಲ, ಹಾಗಾಗಿ ಬಿಲ್ ಒಡೆದು 9,800, 9,900 ಅಂತ ಬರೆಯುವವರಿದ್ದಾರೆ. ಮೊದಲ ಎರಡು ಅಂಕಿ ತೆಗೆದು 98, 99ರಲ್ಲಿ ಗುಡ್ಡೆ ಬಿದ್ದಿದೆಯಾ ನೋಡಿ. ಬಾಡಿಗೆಯಂಥ ನಿಗದಿತ ಮೊತ್ತಗಳನ್ನು ಮೊದಲೇ ಬಿಡಿ.

ಪ್ರಶ್ನೆ ಕೇಳಿದವರು: ನೋಡಿದೆ. ಒಂದೇ ಪಾರ್ಟಿಗೆ ದಿನಾ 9,900 ಹೋಗಿದೆ. ಮೂಲ ಬಿಲ್ ಕೇಳುತ್ತೇನೆ.