ಸಹಾಯ ಬೇಕು: ‘ಕರ್ವಾಲೊ’ ಮೆಚ್ಚಿದ ಅಮ್ಮನಿಗೆ ಮುಂದೆ ಯಾವ ಪುಸ್ತಕ ಕೊಡಲಿ?

ನಮಸ್ಕಾರ. ಸಕಲೇಶಪುರದ ಸಮೀಪದ ತೋಟದ ಮನೆಯಲ್ಲಿರುವ ನನ್ನ ತಾಯಿಯವರು ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಿಡಿದು, ಮಂದಣ್ಣನ ಪ್ರಸಂಗಗಳಿಗೆ ಒಬ್ಬರೇ ನಗುತ್ತಾ ಓದಿ ಮುಗಿಸಿ, ಅಂಥದ್ದೇ ಇನ್ನೊಂದು ಬೇಕೆಂದು ಹಟ ಹಿಡಿದಿದ್ದಾರೆ. ‘ಚಿದಂಬರ ರಹಸ್ಯ’ವೂ ಮುಗಿದಿದೆ. ಬಳಿಕ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಂದುಕೊಟ್ಟೆ. ಕಾಡು, ಮಳೆ, ಮಾತಿನ ವರಸೆ ಎಲ್ಲವೂ ಹಿಡಿಸಿದರೂ, ಅಷ್ಟೊಂದು ಪಾತ್ರಗಳನ್ನು ನೆನಪಿಟ್ಟುಕೊಳ್ಳಲಾಗದೆ, ಬಸ್ಸಿನ ಟಿಕೆಟ್ಟನ್ನು ಗುರುತಿಗಿಟ್ಟು ಅರ್ಧಕ್ಕೇ ಮುಚ್ಚಿಟ್ಟರು. ನಮ್ಮ ಹಾಸನ ಜಿಲ್ಲೆಯವರೇ ಆದ ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗಿನ ಭಾಗ ಬಂದೊಡನೆ, ಇಷ್ಟು ದುಃಖ ತಮಗೆ ಬೇಡವೆಂದರು. ಅದು ಕಾದಂಬರಿಯ ದೋಷವಲ್ಲ, ಅದರ ಶಕ್ತಿಯೇ ಎಂಬುದು ನನ್ನ ಅಭಿಪ್ರಾಯ. ಆದರೆ ಓದಬೇಕಾದವರು ಅವರು.

ಅವರನ್ನು ಸೆಳೆದದ್ದು ಮಲೆನಾಡಿನ ಹಿನ್ನೆಲೆಯೋ, ತಿಳಿಹಾಸ್ಯವೋ ಎಂಬುದೇ ನನಗೆ ಸ್ಪಷ್ಟವಾಗುತ್ತಿಲ್ಲ. ಮೊದಲನೆಯದಾದರೆ ಏಲಕ್ಕಿ ವ್ಯವಹಾರದ ನಡುವೆ ಓಟ ಕೀಳುವ ‘ಜುಗಾರಿ ಕ್ರಾಸ್’ ಸರಿಹೋಗಬಹುದು. ಎರಡನೆಯದಾದರೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’. ಎರಡನ್ನೂ ಓದಿದವರು ದಯವಿಟ್ಟು ತಿಳಿಸಿ: ಮೊದಲು ಯಾವುದನ್ನು ಕೊಡಲಿ, ಮತ್ತು ಹಾಸನದಲ್ಲಿ ಅದರ ದೊಡ್ಡ ಅಕ್ಷರದ ಮುದ್ರಣ ಎಲ್ಲಿಯಾದರೂ ಸಿಗುತ್ತದೆಯೇ?