ರಾಗಿ, ಬೇಳೆ ಸೇರಿಸಿದರೆ ಪಫ್ ಉಬ್ಬುತ್ತಿಲ್ಲ (ಸಿಂಗಲ್ ಸ್ಕ್ರೂ ಮೆಷಿನ್)

ತುಮಕೂರು_ಘಟಕ
ನಮ್ಮದು ಹೀಟರ್ ಇಲ್ಲದ, ಘರ್ಷಣೆಯ ಶಾಖದಲ್ಲೇ ಓಡುವ ಸಣ್ಣ ಸಿಂಗಲ್ ಸ್ಕ್ರೂ ಎಕ್ಸ್‌ಟ್ರೂಡರ್ (ಧಾನ್ಯವನ್ನು ಒತ್ತಿ ಬೇಯಿಸಿ ಉಬ್ಬಿಸುವ ಮೆಷಿನ್). ಪಫ್ ಹೊರಬರುವ ಡೈಯ ತೂತು 3.5 ಮಿ.ಮೀ. ಬರೀ ಮೆಕ್ಕೆಜೋಳದ ರವೆಗೆ ಪಫ್ ಹಗುರವಾಗಿ ಬರುತ್ತದೆ. 60 ಭಾಗ ಮೆಕ್ಕೆಜೋಳದ ರವೆ, 20 ಮೊಳಕೆ ರಾಗಿ ಹಿಟ್ಟು, 20 ಕಡಲೆಹಿಟ್ಟು ಹಾಕಿದರೆ ಕಡ್ಡಿ ಸಣಕಲು, ಕಲ್ಲಿನ ಹಾಗೆ ಗಟ್ಟಿ. ಮೋಟರಿನ ಆಂಪಿಯರ್ ಏರಿಳಿಯುತ್ತಲೇ ಇರುತ್ತದೆ, ಆಗಾಗ ಡೈಯಿಂದ ಹಸಿ ಹಿಟ್ಟು ಚಿಮ್ಮುತ್ತದೆ. ಮಿಶ್ರಣದ ತೇವ 15%. ಮುಂದೆ ನುಗ್ಗೆಸೊಪ್ಪಿನ ಪುಡಿ, ಕಬ್ಬಿಣಾಂಶವನ್ನೂ ಸೇರಿಸುವ ಯೋಚನೆ ಇದೆ. ಅನುಪಾತ ಹೇಗಿರಬೇಕು? ಪ್ಯಾಕೆಟ್ ಮೇಲೆ ‘ಪ್ರೋಟೀನ್ ರಿಚ್’ ಅಂತ ಹಾಕಬಹುದಾ?

ಸ್ಕ್ರೂ_ಬ್ಯಾರಲ್
ಅನುಪಾತಕ್ಕಿಂತ ಮೊದಲು ಕಾಳಿನ ಗಾತ್ರ ನೋಡಿ, ಸರ್. ಈ ಮೆಷಿನ್ನಿಗೆ ಹಿಟ್ಟು ಆಗಿಬರುವುದಿಲ್ಲ. ರವೆಯಾದರೆ ಸ್ಕ್ರೂ ಹಿಡಿದು ತಳ್ಳುತ್ತದೆ, ಉಜ್ಜಾಟದಿಂದ ಶಾಖ ಹುಟ್ಟುತ್ತದೆ. ನುಣ್ಣನೆ ಹಿಟ್ಟು ಸ್ಕ್ರೂ ಜೊತೆಯಲ್ಲೇ ಸುತ್ತುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಸಾಲದ್ದಕ್ಕೆ ಮಿಶ್ರಣ ಸುರಿಯುವ ಹಾಪರ್ ಅದುರುವಾಗ ಹಿಟ್ಟು ರವೆಯ ಸಂದಿಯಿಂದ ಜಾರಿ ತಳ ಸೇರುತ್ತದೆ. ಒಂದು ಗಳಿಗೆ ಬರೀ ಹಿಟ್ಟು, ಇನ್ನೊಂದು ಗಳಿಗೆ ಬರೀ ರವೆ ಒಳಗೆ ಹೋಗುತ್ತದೆ. ನಿಮ್ಮ ಆಂಪಿಯರ್ ಕುಣಿತಕ್ಕೂ ಹಸಿ ಹಿಟ್ಟು ಚಿಮ್ಮುವುದಕ್ಕೂ ಇದೇ ಕಾರಣ ಇರಬೇಕು. ರಾಗಿ, ಬೇಳೆ ಎರಡನ್ನೂ 0.5ರಿಂದ 0.8 ಮಿ.ಮೀ. ರವೆ ಮಾಡಿಸಿ, ಧೂಳನ್ನು ಜರಡಿಯಲ್ಲಿ ತೆಗೆದುಬಿಡಿ. ಹಿಟ್ಟೇ ಬೇಕೆಂದರೆ ಎರಡು ಸ್ಕ್ರೂ ಇರುವ ಟ್ವಿನ್ ಸ್ಕ್ರೂ ಮೆಷಿನ್ನಿಗೆ ಹೋಗಬೇಕು, ಅದರ ಬೆಲೆ ಬೇರೆ.

ಎರಡನೆಯದು, ಮೊಳಕೆ ರಾಗಿ ಬಿಡಿ. ಪೌಷ್ಟಿಕ ಅಂತ ಎಲ್ಲರೂ ಅದನ್ನೇ ಹಾಕಲು ಹೋಗುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿರುತ್ತದೆ. ಗುಳ್ಳೆಯ ಗೋಡೆ ನಿಲ್ಲಬೇಕಾದ್ದೇ ಆ ಪಿಷ್ಟದ ಮೇಲೆ. ಮೆಷಿನ್ ಒಳಗೆ ಬೆಂದ ಪಾಕ ತೆಳ್ಳಗಾಗಿ ಉಬ್ಬಿದ್ದು ಕುಸಿಯುತ್ತದೆ, ಸಕ್ಕರೆ ಡೈಯಲ್ಲಿ ಸೀಯುತ್ತದೆ. ಸಾದಾ ರಾಗಿ ರವೆ ಸಾಕು.

ಮೂರನೆಯದು ಕೊಬ್ಬು. ಕಡಲೆಹಿಟ್ಟಿನಲ್ಲಿ 5–6% ಕೊಬ್ಬಿದೆ, ಹೆಸರುಬೇಳೆಯಲ್ಲಿ ಒಂದೂವರೆಯೂ ಇಲ್ಲ. ಕೊಬ್ಬು ಅಂದರೆ ಬ್ಯಾರಲ್ಲಿಗೆ (ಸ್ಕ್ರೂ ತಿರುಗುವ ಕೊಳವೆಗೆ) ಎಣ್ಣೆ ಬಿಟ್ಟ ಹಾಗೆ, ಉಜ್ಜಾಟವೇ ಹೋಗುತ್ತದೆ. ಇಡೀ ಮಿಶ್ರಣದ ಕೊಬ್ಬು 2% ಒಳಗಿದ್ದರೆ ನಿಶ್ಚಿಂತೆ. ಮೆಕ್ಕೆಜೋಳದ ರವೆಯೂ ಮೊಳಕೆಭಾಗ ತೆಗೆದದ್ದೇ ಇರಲಿ. ಇಡೀ ಕಾಳು ಒಡೆಸಿದರೆ ಅದರಲ್ಲೇ 4% ಕೊಬ್ಬು ಬಂತು.

60 ಮೆಕ್ಕೆಜೋಳ, 20 ರಾಗಿ ರವೆ, 20 ಹೆಸರುಬೇಳೆ ರವೆಯಿಂದ ಶುರು ಮಾಡಿ, ತೇವ 14%. ಮಿಶ್ರಣದಲ್ಲಿ ಈಗ 11% ಇದ್ದರೆ 25 ಕೆ.ಜಿ.ಗೆ ಸುಮಾರು 870 ಮಿ.ಲೀ. ನೀರು. ಕೈಯಲ್ಲಿ ಚಿಮುಕಿಸಬೇಡಿ, ಸ್ಪ್ರೇ ಮಾಡುತ್ತಾ ಕಲಸಿ, ಚೀಲದ ಬಾಯಿ ಕಟ್ಟಿ ರಾತ್ರಿಯಿಡೀ ಬಿಡಿ. ನೀರು ಕಾಳಿನ ನಡುವಿಗೆ ಇಳಿಯದಿದ್ದರೆ ಪಫ್ ಒಳಗೆ ಬಿಳಿ ಗಟ್ಟಿ ಚುಕ್ಕೆ ಉಳಿಯುತ್ತವೆ.

ಮೆಷಿನ್ ಬಿಸಿಯಾಗುವ ತನಕ ಬರೀ ಮೆಕ್ಕೆಜೋಳ ಓಡಿಸಿ, ಆಮೇಲೆ ಮಿಶ್ರಣ. ನಿಲ್ಲಿಸುವ ಮುಂಚೆ 20% ತೇವದ ಮೆಕ್ಕೆಜೋಳದ ರವೆ ಎರಡು ಮೂರು ಕೆ.ಜಿ. ಬಿಡಲೇಬೇಕು. ಬೇಳೆಯ ಪ್ರೋಟೀನ್ ಡೈಯಲ್ಲಿ ತಣ್ಣಗಾದರೆ ಮಾರನೆ ದಿನ ಉಳಿ ಸುತ್ತಿಗೆ ಹುಡುಕಬೇಕಾಗುತ್ತದೆ.

ಮುದ್ದೆಪ್ರಿಯ
ಮೇಲಿನದಕ್ಕೆ ಒಂದು ಸೇರ್ಪಡೆ. ಒಂದು ಲೀಟರ್ ಅಳತೆಪಾತ್ರೆ ತುಂಬ ಮಸಾಲೆ ಹಾಕದ ಪಫ್ ತೂಗಿ. ಬರೀ ಮೆಕ್ಕೆಜೋಳದ್ದು 50–70 ಗ್ರಾಂ ಬರುತ್ತದೆ. ಈ ಮಿಶ್ರಣಕ್ಕೆ 80–100 ಬಂದರೆ ಒಪ್ಪಿಕೊಳ್ಳಿ, 120 ದಾಟಿದರೆ ಮಕ್ಕಳು ತಿನ್ನುವುದಿಲ್ಲ. ಕಡ್ಡಿ ಮುರಿದೂ ನೋಡಿ: ಒತ್ತಾದ ಸಣ್ಣ ಗುಳ್ಳೆ, ದಪ್ಪ ಗೋಡೆ ಇದ್ದರೆ ತೇವ ಹೆಚ್ಚು ಅಥವಾ ಶಾಖ ಕಡಿಮೆ. ಕಂದು ಗೆರೆ, ಸೀದ ವಾಸನೆ ಬಂದರೆ ತೇವ ಕಡಿಮೆ. ಅರ್ಧ ಅರ್ಧ ಶೇಕಡಾ ಮಾತ್ರ ಬದಲಿಸಿ.

ಉಬ್ಬಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ರಾಗಿ ಇರುವಾಗ ಬೇಡ, ಬಣ್ಣ ಇನ್ನೂ ಕಪ್ಪಾಗುತ್ತದೆ. ಬದಲಿಗೆ ಫುಡ್ ಗ್ರೇಡ್ ಕ್ಯಾಲ್ಸಿಯಂ ಕಾರ್ಬೊನೇಟ್ 0.5%. ಗುಳ್ಳೆ ಹುಟ್ಟಲು ಅದೇ ಬೀಜ, ಸಣ್ಣ ಸಣ್ಣ ಗುಳ್ಳೆ ಸಮನಾಗಿ ಬರುತ್ತವೆ. ನೂರು ಗ್ರಾಂಗೆ 200 ಮಿ.ಗ್ರಾಂ ಕ್ಯಾಲ್ಸಿಯಂ ಕೂಡ ಸಿಕ್ಕಿತು. 20% ರಾಗಿಯಿಂದ ಬರುವುದು 70 ಮಿ.ಗ್ರಾಂ ಆಸುಪಾಸು ಅಷ್ಟೇ. ಮುದ್ದೆ ತಿನ್ನುವವನಿಗೂ ಈ ಲೆಕ್ಕ ಬೇಜಾರೇ, ಆದರೆ ನಿಜ.

ಲ್ಯಾಬ್_ಮೇಜು
ನುಗ್ಗೆ, ಕಬ್ಬಿಣ, ವಿಟಮಿನ್ ಯಾವುದನ್ನೂ ಬ್ಯಾರಲ್ಲಿಗೆ ಹಾಕಬೇಡಿ. ವಿಟಮಿನ್ ಎ, ಸಿ, ಬಿ1 ಶಾಖಕ್ಕೆ ಹೋಗುತ್ತವೆ, ನುಗ್ಗೆ ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಡ್ರೈಯರಿನಲ್ಲಿ ತೇವವನ್ನು 3%ಕ್ಕೆ ಇಳಿಸಿದ ಮೇಲೆ ಎಣ್ಣೆ–ಮಸಾಲೆ ಜೊತೆ ಡ್ರಮ್ಮಿನಲ್ಲಿ ಹಚ್ಚಿ. ನುಗ್ಗೆ 1.5% ದಾಟಿದರೆ ಕಹಿ ಮುಚ್ಚುವುದು ಕಷ್ಟ. ಕಬ್ಬಿಣಕ್ಕೆ ಫೆರಸ್ ಸಲ್ಫೇಟ್ ಅಗ್ಗ, ಆದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಫೆರಿಕ್ ಪೈರೋಫಾಸ್ಫೇಟ್ ತಗೊಳ್ಳಿ. ಪಾರದರ್ಶಕ ಕವರ್ ಬೇಡ, ಮೆಟಲೈಸ್ಡ್ ಫಿಲ್ಮ್ ಇರಲಿ, ಸಾಧ್ಯವಾದರೆ ಒಳಗೆ ನೈಟ್ರೋಜನ್ ಕೂಡ ತುಂಬಿಸಿ.

ಇನ್ನು ಪ್ಯಾಕೆಟ್ ಮೇಲಿನ ಕ್ಲೇಮ್ ವಿಷಯ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮದಂತೆ ಘನ ಆಹಾರದ 100 ಗ್ರಾಂನಲ್ಲಿ ಆರ್‌ಡಿಎಯ (ದಿನಕ್ಕೆ ಬೇಕಾದ ಪ್ರಮಾಣದ) 10% ಪ್ರೋಟೀನ್ ಇದ್ದರೆ ‘ಸೋರ್ಸ್’, 20% ಇದ್ದರೆ ‘ರಿಚ್’. ಆರ್‌ಡಿಎ 54 ಗ್ರಾಂ ಹಿಡಿದರೆ 5.4 ಮತ್ತು 10.8 ಗ್ರಾಂ. ಮೇಲೆ ಹೇಳಿದ ಮಿಶ್ರಣದಲ್ಲಿ 11 ಗ್ರಾಂ ಇದೆ. ಅಷ್ಟು ನೋಡಿ ‘ರಿಚ್’ ಅಂತ ಕವರ್ ಪ್ರಿಂಟ್ ಮಾಡಿಸಿಬಿಡಬೇಡಿ. ಒಣಗಿಸಿದಾಗ 12 ಆಗುತ್ತದೆ ನಿಜ, ಆದರೆ ಎಣ್ಣೆ–ಮಸಾಲೆ 25% ಸೇರಿದ ಮೇಲೆ 9ಕ್ಕೆ ಇಳಿಯುತ್ತದೆ.

ತುಮಕೂರು_ಘಟಕ
ಧನ್ಯವಾದ ಸರ್. ಹಾಗಾದರೆ 10.8 ಮುಟ್ಟಲು ಹೆಸರುಬೇಳೆಯನ್ನೇ 30ಕ್ಕೆ ಏರಿಸಲಾ?

ಸ್ಕ್ರೂ_ಬ್ಯಾರಲ್
ಬೇಡ, ಲೀಟರ್ ತೂಕ ಏರುತ್ತದೆ. ಮೆಕ್ಕೆಜೋಳದಲ್ಲಿ 8 ಭಾಗ ಕಡಿಮೆ ಮಾಡಿ, ಕೊಬ್ಬು ತೆಗೆದ ಸೋಯಾ ಗ್ರಿಟ್ಸ್ 8 ಹಾಕಿ. ಅದರಲ್ಲಿ ಪ್ರೋಟೀನ್ 50% ಇದೆ, ಮಸಾಲೆ ಹಚ್ಚಿದ ಮೇಲೂ 12ರ ಹತ್ತಿರ ನಿಲ್ಲುತ್ತದೆ. ಸೋಯಾ ನೀರು ಹೀರುತ್ತದೆ, ಆದ್ದರಿಂದ ತೇವ 14.5% ಇಟ್ಟು ನೋಡಿ.

ಲ್ಯಾಬ್_ಮೇಜು
ಸೋಯಾ ಹಾಕಿದರೆ ಲೇಬಲ್ಲಿನಲ್ಲಿ ಅಲರ್ಜನ್ ಅಂತ ನಮೂದಿಸಬೇಕು. ಟೆಸ್ಟಿಗೆ ಕಳಿಸುವಾಗ ಸಾದಾ ಪಫ್ ಕಳಿಸಬೇಡಿ, ಮಸಾಲೆ ಹಚ್ಚಿ ಸೀಲ್ ಮಾಡಿದ ಪ್ಯಾಕೆಟ್ಟೇ ಹೋಗಲಿ.