ಮನೆಯಲ್ಲಿ ಉಳಿದ ಹಳೇ ಮಾತ್ರೆಗಳನ್ನು ಎಲ್ಲಿ ಹಾಕಬೇಕು?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಿನ್ನೆ ಕಪಾಟು ಕ್ಲೀನ್ ಮಾಡುವಾಗ ಒಂದು ತಗಡಿನ ಡಬ್ಬಿ ತುಂಬಾ ಹಳೇ ಔಷಧಿ ಸಿಕ್ಕಿತು. ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು, ಎರಡೇ ಎರಡು ಗುಳಿಗೆ ಉಳಿದ ಆಂಟಿಬಯಾಟಿಕ್, ಮುಚ್ಚಳ ಅಂಟಿಕೊಂಡು ತೆಗೆಯಲಾಗದ ಕೆಮ್ಮಿನ ಸಿರಪ್, ಹೆಸರು ಅಳಿಸಿಹೋದ ಮುಲಾಮು. ಕೆಲವದರ ಅವಧಿ ಮುಗಿದು ನಾಲ್ಕು ವರ್ಷವಾಗಿದೆ. ಟಾಯ್ಲೆಟ್‌ಗೆ ಹಾಕಿ ನೀರು ಬಿಡೋಣ ಅಂತ ಒಂದೊಂದೇ ಮಾತ್ರೆ ಒತ್ತಿ ತೆಗೆಯುತ್ತಾ ಕೂತೆ. ಹತ್ತು ಹನ್ನೆರಡು ಅಂಗೈಯಲ್ಲಿ ಬಿದ್ದ ಮೇಲೆ ಕೈ ನಿಂತಿತು. ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಹಸಿ ಕಸ ಗೊಬ್ಬರ ಮಾಡುತ್ತೇನೆ, ಹಕ್ಕಿಗಳಿಗೆ ನೀರಿಡುತ್ತೇನೆ, ಆದರೆ ಇದು ಮಾತ್ರ ಹೊಳೆದೇ ಇರಲಿಲ್ಲ.

ಇನ್ನೊಂದು ವಿಷಯವೂ ಇದೆ. ಆ ಡಬ್ಬಿಯಲ್ಲಿ ಮೂರು ಸ್ಟ್ರಿಪ್ ಬಿಪಿ ಮಾತ್ರೆ ನನ್ನವೇ. ಹೋದ ವರ್ಷ ಬಿಪಿ ನಾರ್ಮಲ್ ಬಂತು ಅಂತ ಯಾರನ್ನೂ ಕೇಳದೆ ನಿಲ್ಲಿಸಿದ್ದೆ. ಅವುಗಳನ್ನು ನೋಡಿ ಸುಮ್ನೆ ಕೂತುಬಿಟ್ಟೆ.

ಇದನ್ನೆಲ್ಲ ಎಲ್ಲಿ ಹಾಕಬೇಕು? ತಿಳಿದವರು ದಯವಿಟ್ಟು ಹೇಳಿ.

ಗುಳಿಗೆಡಬ್ಬಿ:
ಒತ್ತಿ ತೆಗೆದ ಕೈ ನಿಂತಿದ್ದು ಒಳ್ಳೆಯದಾಯಿತು. ನಾನು ಔಷಧಿ ಅಂಗಡಿ ನಡೆಸುತ್ತೇನೆ, ಈ ಪ್ರಶ್ನೆ ಕೇಳುವವರು ಬಹಳ ಕಡಿಮೆ. ಮೊದಲು ನಿಮ್ಮ ಹತ್ತಿರ ಹಳೇ ಔಷಧಿ ವಾಪಸ್ ತಗೊಳ್ಳುವ ಅಂಗಡಿಯೋ ಆಸ್ಪತ್ರೆಯೋ ಇದೆಯಾ ವಿಚಾರಿಸಿ. ಇದ್ದರೆ ಅದೇ ಸರಿಯಾದ ದಾರಿ. ಅಲ್ಲಿ ಸೇರಿದ್ದನ್ನು ತುಂಬಾ ಜಾಸ್ತಿ ಶಾಖದಲ್ಲಿ ಸುಡುತ್ತಾರೆ. ಹಾಗಂತ ಮನೆ ಹಿಂದೆ ನೀವೇ ಬೆಂಕಿ ಹಾಕಬೇಡಿ, ಸ್ಟ್ರಿಪ್ಪಿನಲ್ಲಿ ಪ್ಲಾಸ್ಟಿಕ್ ಇರುತ್ತದೆ, ಆ ಹೊಗೆ ನಿಮ್ಮ ಎದೆಗೇ ಬರುತ್ತದೆ.

ಅಂಥ ವ್ಯವಸ್ಥೆ ಇಲ್ಲದಿದ್ದರೆ ಮಾತ್ರೆಗಳನ್ನು ಪುಡಿ ಮಾಡದೆ ಹಾಗೇ ಮಣ್ಣಿನಲ್ಲೋ ಕಾಫಿ ಚರಟದಲ್ಲೋ ಕಲಸಿ. ನೋಡಿದರೆ ಯಾರಿಗೂ ಮುಟ್ಟಲು ಮನಸ್ಸಾಗಬಾರದು, ಮಗುವಿಗೂ ನಾಯಿಗೂ. ಅದನ್ನು ಕವರಿಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಅಪಾಯಕಾರಿ ಕಸ ಅಂತ ಬೇರೆಯಾಗಿ ಕೊಡಿ. ಗೊಬ್ಬರದ ಗುಂಡಿಗೆ ಮಾತ್ರ ಬೇಡ. ಸಿರಪ್ಪನ್ನೂ ಹಾಗೇ ಮಣ್ಣಿಗೆ ಹೀರಿಸಿ ಕಟ್ಟಿ, ಸಿಂಕಿಗೆ ಸುರಿಯಬೇಡಿ. ಚೀಟಿಯಲ್ಲಿ ಹೆಸರು, ಫೋನ್ ನಂಬರ್ ಇದ್ದರೆ ಗೀಚಿಹಾಕಿ. ಇನ್ಹೇಲರ್ ಇದ್ದರೆ ಚುಚ್ಚಬೇಡಿ, ಬೆಂಕಿಗೂ ಹಾಕಬೇಡಿ, ಸಿಡಿಯುತ್ತದೆ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಿ, ಬೇರೆಯಾಗಿ ಕೊಡಿ. ಕಸ ಎತ್ತುವವರ ಕೈಗೆ ಚುಚ್ಚುವುದು ದಿನಾ ನಡೆಯುವ ಸಂಗತಿ.

ಒಂದು ವಿಷಯ ಬೇರೆ ಇದೆ. ಫೆಂಟನಿಲ್‌ನಂಥ ಕೆಲವೇ ಕೆಲವು ಭಾರೀ ನೋವಿನ ಔಷಧಿಗಳು ಮಗುವಿನ ಕೈಗೆ ಒಂದು ಸಿಕ್ಕರೂ ಜೀವ ಹೋಗಬಹುದು. ವಾಪಸ್ ಕೊಡಲು ದಾರಿ ಇಲ್ಲದಾಗ ಅಂಥವನ್ನು ಮಾತ್ರ ಫ್ಲಶ್ ಮಾಡಿ ಅಂತ ಅದರ ಜೊತೆಯ ಹಾಳೆಯಲ್ಲೇ ಬರೆದಿರುತ್ತದೆ. ನಿಮ್ಮ ಡಬ್ಬಿಯಲ್ಲಿ ಅಂಥದ್ದು ಇರುವ ಹಾಗೆ ಕಾಣಲಿಲ್ಲ.

ಕೆರೆದಂಡೆ:
ನೀರಿಗೆ ಹಾಕಿದರೆ ಅಷ್ಟು ನೀರಲ್ಲಿ ಕರಗಿ ಹೋಗುತ್ತದಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಕೆನಡಾದ ಒಂದು ಪ್ರಯೋಗದ ಬಗ್ಗೆ ಓದಿದೆ. ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಇಟ್ಟ ಕೆರೆಗಳಿವೆ. ಅದರಲ್ಲಿ ಒಂದಕ್ಕೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನು ಬೆರೆಸಿದರು. ಎಷ್ಟು ಗೊತ್ತಾ, ಲೀಟರಿಗೆ 5ರಿಂದ 6 ನ್ಯಾನೋಗ್ರಾಂ. ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೋಗ್ರಾಂ, ಅಂಥವು ಐದಾರು. ಅಷ್ಟಕ್ಕೇ ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಬಂತು, ಬೆರಳುದ್ದದ ಒಂದು ಜಾತಿಯ ಮೀನು ಆ ಕೆರೆಯಿಂದ ಹೆಚ್ಚುಕಡಿಮೆ ಇಲ್ಲವಾಯಿತು. ಬೆರೆಸುವುದನ್ನು ನಿಲ್ಲಿಸಿ ಕೆಲವು ವರ್ಷ ಕಳೆದ ಮೇಲೆ ಮತ್ತೆ ಹೆಚ್ಚಿದವು. ನಿಲ್ಲಿಸಿದರೆ ಕೆರೆ ಚೇತರಿಸಿಕೊಳ್ಳುತ್ತದೆ ಅನ್ನುವುದೇ ನನಗೆ ಸಮಾಧಾನ.

ರಣಹದ್ದುಗಳ ಕಥೆ ನಿಮಗೆ ಗೊತ್ತಿರಬಹುದು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 2004ರಲ್ಲಿ ಕಾರಣ ಗೊತ್ತಾಯಿತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ಕಡೆ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಹೆಚ್ಚಿನ ಹದ್ದುಗಳು ಹೋಗಿಯಾಗಿತ್ತು. ನಮ್ಮ ನೋವಿಗೆ ಒಳ್ಳೆಯದಾದ ಔಷಧಿ ಇನ್ನೊಂದು ಜೀವಕ್ಕೆ ವಿಷ.

ಬೇರುಬಿಳಲು:
ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು. ನೀರಿಗೆ ಸೇರುವ ಔಷಧಿಯಲ್ಲಿ ಹೆಚ್ಚಿನ ಪಾಲು ನಾವು ಬಿಸಾಡಿದ್ದಲ್ಲ, ನಾವು ತಿಂದಿದ್ದೇ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮೈಯಲ್ಲಿ ಬದಲಾಗುವುದೇ ಇಲ್ಲ, ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು ಕಟ್ಟಿದ್ದು ಔಷಧಿ ತೆಗೆಯುವುದಕ್ಕಲ್ಲ. ಹಾಗಂತ ಬೇಕಾದ ಮಾತ್ರೆ ಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಬೇಡದ್ದನ್ನು ಬಿಡೋಣ. ನೆಗಡಿ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ, ಆದರೂ ನಾವೇ ಬೇಡಿ ಬರೆಸಿಕೊಳ್ಳುತ್ತೇವೆ, ಎರಡು ದಿನ ತಿಂದು ಉಳಿದದ್ದನ್ನು ಡಬ್ಬಿಗೆ ಹಾಕುತ್ತೇವೆ, ಮುಂದಿನ ಸಲ ಪಕ್ಕದ ಮನೆಯವರಿಗೆ ಕೊಡುತ್ತೇವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಸಾಲದಷ್ಟು ಡೋಸ್ ತಗೊಂಡರೆ ರೋಗಾಣು ಸಾಯದೆ ಗಟ್ಟಿಯಾಗುತ್ತದೆ ಅಂತ ಎಚ್ಚರಿಸಿದ್ದರು.

ಇನ್ನೊಂದು ಸಣ್ಣ ವಿಷಯ. ನಮ್ಮ ಅಮ್ಮ ಮಂಡಿ ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತಾರೆ. ಹಚ್ಚಿದ್ದರಲ್ಲಿ ಮೈಯೊಳಗೆ ಹೋಗುವುದು ನೂರಕ್ಕೆ ಆರು ಪಾಲಿನಷ್ಟು. ಮಿಕ್ಕಿದ್ದು ಬಟ್ಟೆಗೆ, ಕೈಗೆ, ಸ್ನಾನದ ನೀರಿಗೆ. ಈಗ ಹಚ್ಚಿದ ಮೇಲೆ ಬೆರಳುಗಳನ್ನು ಮೊದಲು ಒಂದು ತುಂಡು ಕಾಗದಕ್ಕೆ ಚೆನ್ನಾಗಿ ಒರೆಸಿ, ಕಾಗದವನ್ನು ಕಸಕ್ಕೆ ಹಾಕಿ, ಆಮೇಲೆ ಕೈ ತೊಳೆಯುತ್ತಾರೆ. ಜೆಲ್ ಚರ್ಮದಲ್ಲಿ ಇಂಗುವ ತನಕ ಸ್ನಾನಕ್ಕೆ ಹೋಗುವುದಿಲ್ಲ. ಹಾಗೆ ಮಾಡಿದರೆ ನೋವಿಗೂ ಚೆನ್ನಾಗಿ ಕೆಲಸ ಮಾಡುತ್ತದೆ.

ಮಳೆಹನಿ:
ತುಂಬಾ ಧನ್ಯವಾದ ಎಲ್ಲರಿಗೂ. ಜೆಲ್ ವಿಷಯ ಓದಿ ನಮ್ಮ ಮನೆಯಲ್ಲೂ ಹೇಳಿದೆ. ಬಿಪಿ ಮಾತ್ರೆ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅವುಗಳ ಅವಧಿ ಇನ್ನೂ ಮುಗಿದಿಲ್ಲ. ನಾಳೆಯಿಂದ ಮತ್ತೆ ಶುರು ಮಾಡಲಾ?

ಹಗಲುರಾತ್ರಿ:
ನೀವೇ ಶುರು ಮಾಡಬೇಡಿ, ದಯವಿಟ್ಟು. ಇಪ್ಪತ್ತು ವರ್ಷ ನರ್ಸ್ ಆಗಿದ್ದೇನೆ, ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟವರನ್ನು ವಾರ್ಡಿನಲ್ಲಿ ನೋಡಿದಷ್ಟು ನೋವು ನನಗೆ ಇನ್ಯಾವುದರಲ್ಲೂ ಆಗಿಲ್ಲ. ಅದು ನಾರ್ಮಲ್ ಬಂದಿದ್ದು ಮಾತ್ರೆಯಿಂದ. ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ, ತಲೆನೋವೂ ಬರಬೇಕಂತಿಲ್ಲ. ಒಂದು ವರ್ಷದಲ್ಲಿ ಎಷ್ಟಿತ್ತೋ ಎಷ್ಟಾಗಿದೆಯೋ, ಡೋಸ್ ಬದಲಾಗಬಹುದು. ಈ ವಾರವೇ ಡಾಕ್ಟರನ್ನು ನೋಡಿ, ಸ್ಟ್ರಿಪ್‌ಗಳನ್ನೂ ತಗೊಂಡು ಹೋಗಿ ತೋರಿಸಿ, ನಿಲ್ಲಿಸಿದ್ದೆ ಅಂತ ಮುಚ್ಚಿಡದೆ ಹೇಳಿ.

ಹೋಗುವ ತನಕ ಯಂತ್ರ ಸಿಕ್ಕರೆ ಮನೆಯಲ್ಲೇ ನೋಡಿ ಬರೆದಿಡಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಒರಗು ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ. ಕಾಲ ಮೇಲೆ ಕಾಲು ಹಾಕಿದರೂ ಜಾಸ್ತಿ ತೋರಿಸುತ್ತದೆ. 180/120 ದಾಟಿದ್ದು ಕಂಡು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಥವಾ ಮಾತು ತೊದಲುತ್ತಿದ್ದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.

ಮಾತ್ರೆ ಮುಂದೆ ಕಡಿಮೆ ಆಗಬೇಕು ಅಂದರೆ ಅದಕ್ಕೂ ದಾರಿ ಇದೆ, ಆದರೆ ಅದು ಡಾಕ್ಟರ್ ಕಡಿಮೆ ಮಾಡುವುದು. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ವಾರಕ್ಕೆ 150 ನಿಮಿಷವಾದರೂ ಚುರುಕಾದ ನಡಿಗೆ. ಮರಗಳಿರುವ ಕಡೆ ನಡೆಯಿರಿ, ಅಲ್ಲಿ ಬೇಜಾರಾಗುವುದಿಲ್ಲ, ಬಿಡುವುದೂ ಕಡಿಮೆ.

ಮಳೆಹನಿ:
ನಾಡಿದ್ದು ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಮೂರು ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿದ್ದೇನೆ. ಹತ್ತಿರದ ಆಸ್ಪತ್ರೆಯಲ್ಲಿ ಹಳೇ ಔಷಧಿ ತಗೊಳ್ಳುತ್ತಾರಂತೆ, ಫೋನ್ ಮಾಡಿ ಕೇಳಿದೆ. ಹಾಗಾಗಿ ಮಿಕ್ಕ ಡಬ್ಬಿಯೂ ನನ್ನ ಜೊತೆಗೇ ಬರುತ್ತದೆ.